ಸ್ಟಾರ್ ಟ್ರೆಕ್ ಡಿಸ್ಕವರಿ: ಮುಂದಕ್ಕೆ ಜಿಗಿದ ಮೇಲೆ ಚೆನ್ನಾಗಿದೆ

ಈ ಬಾಹ್ಯಾಕಾಶ ಟಿವಿ ಸರಣಿ ನೋಡಬಹುದಾ ಅಂದ್ರೆ ಧಾರಾಳವಾಗಿ ನೋಡಿ, ಮೊದಲೆರಡು ಸೀಸನ್‌ಗೆ ಮಾತ್ರ ಸ್ವಲ್ಪ ತಾಳ್ಮೆ ಇರಲಿ. ಸರಣಿ ಬಂದಿದ್ದು 2017ರಲ್ಲಿ, ಆದರೆ ಕಥೆ 1966ರ ಮೂಲ ಸ್ಟಾರ್ ಟ್ರೆಕ್ ಸರಣಿಯ ಕಥೆ ನಡೆಯೋ ಕಾಲಕ್ಕಿಂತ ಸುಮಾರು 10 ವರ್ಷ ಹಿಂದಿನದು. ಕಪ್ಪು ಹೆಣ್ಣುಮಗಳು ಮೈಕೆಲ್ ಬರ್ನಮ್ ನಾಯಕಿ. ಸ್ಟಾಮೆಟ್ಸ್, ಕಲ್ಬರ್ ಪರಸ್ಪರ ಪ್ರೀತಿಸೋ ಗಂಡು ಜೋಡಿ; ಇಬ್ಬರೂ ಪಕ್ಕಪಕ್ಕ ನಿಂತು ಹಲ್ಲುಜ್ಜುತ್ತಾ ಮಾತಾಡೋ ದೃಶ್ಯ ಎಷ್ಟು ಸಹಜವಾಗಿದೆ ಅಂದ್ರೆ, ಭಾಷಣದ ಅಗತ್ಯವೇ ಬೀಳಲ್ಲ. ಇಷ್ಟು ಹೊಸತನ ಇದ್ದರೂ, ಬರ್ನಮ್ ಮೂಲ ಸರಣಿಯ ಮುಖ್ಯ ಪಾತ್ರ ಸ್ಪಾಕ್‌ನ ಮನೆಯಲ್ಲೇ ಬೆಳೆದವಳು ಅಂತ ಹಳೇ ಕಥೆಗೆ ಗಂಟು ಹಾಕಿದ್ದಾರೆ. ಯಾಕೆ ಬೇಕಿತ್ತು? (ಕಥೆಯನ್ನು ಹೊಸದಾಗಿ ಶುರು ಮಾಡಿದ 2009ರ ಸ್ಟಾರ್ ಟ್ರೆಕ್ ಸಿನಿಮಾನೂ ಅಷ್ಟೇ, ಮತ್ತೆ ಮೂಲ ಸರಣಿಯ ಅದೇ ಕ್ಯಾಪ್ಟನ್ ಕರ್ಕ್, ಅದೇ ಸ್ಪಾಕ್.) ಮೂರನೇ ಸೀಸನ್‌ನಲ್ಲಿ 900ಕ್ಕೂ ಜಾಸ್ತಿ ವರ್ಷ ಮುಂದಕ್ಕೆ ಹಾರಿದ ಮೇಲೆ ತಾನೇ ಬರ್ನಮ್‌ಗೆ ನೌಕೆಯ ಕ್ಯಾಪ್ಟನ್ ಕುರ್ಚಿ ಸಿಕ್ಕಿದ್ದು, ಗಂಡೂ ಅಲ್ಲದ ಹೆಣ್ಣೂ ಅಲ್ಲದ ಅಡಿರಾ ಬಂದಿದ್ದು! ಸಮಯ ಕಮ್ಮಿ ಇದ್ದರೆ ಅಲ್ಲಿಂದಲೇ ಶುರು ಮಾಡಿ.