ಬಾಟಲಿ ಚಾಕೊಲೇಟ್ ಹಾಲು: ವರ್ಷಗಟ್ಟಲೆ ಕುಡಿದ ಮೇಲಿನ ಅನಿಸಿಕೆ

200 ಮಿಲಿಯ ಚಾಕೊಲೇಟ್ ಹಾಲಿನ ಬಾಟಲಿ ನಮ್ಮ ಮನೆಗೆ ವರ್ಷಗಳಿಂದ ಬರುತ್ತಿದೆ. ಮೂರನೇ ಕ್ಲಾಸಿನ ಮಗಳಿಗೆ ಒಂದು, ಸಂಜೆ ಬ್ಯಾಡ್ಮಿಂಟನ್ ಆಡಿ ಬರುವ ನನಗೊಂದು. ನಡುವೆ ಕಂಪನಿ ಬದಲಾಯಿಸಿ ನೋಡಿದ್ದೂ ಆಯ್ತು. ಯಾವುದರ ಹೆಸರೂ ಬರೆಯುತ್ತಿಲ್ಲ, ಯಾಕಂದ್ರೆ ನಾನು ಕೊಂಡವುಗಳ ಲೇಬಲ್ ಹೆಚ್ಚುಕಡಿಮೆ ಒಂದೇ ಕತೆ ಹೇಳುತ್ತದೆ. ರುಚಿ ಎಲ್ಲದರಲ್ಲೂ ಚೆನ್ನಾಗಿದೆ. ಬರೆಯಬೇಕು ಅನಿಸಿದ್ದು ಒಳಗೇನಿದೆ ಅನ್ನುವುದರ ಬಗ್ಗೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಬಾಟಲಿಯಲ್ಲಿ ಹೆಚ್ಚಿನ ಪಾಲು ಹಾಲೇ. 200 ಮಿಲಿಗೆ ಸುಮಾರು 6 ಗ್ರಾಂ ಪ್ರೋಟೀನ್, 240 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಸಿಗುತ್ತದೆ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಪ್ರಕಾರ 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ 650 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಒಂದೇ ಬಾಟಲಿಯಲ್ಲಿ ಬಂತು. ಬಿಳಿ ಹಾಲು ಕಂಡರೆ ಮುಖ ತಿರುಗಿಸುವ ಮಕ್ಕಳಿರುವ ಮನೆಯಲ್ಲಿ ಇದು ಸಣ್ಣ ವಿಷಯ ಅಲ್ಲ.

'ಕೋಕೋ ಹಾಕಿದ್ರೆ ಹಾಲಿನ ಕ್ಯಾಲ್ಸಿಯಂ ಮೈಗೆ ಹತ್ತಲ್ಲ ಕಣಮ್ಮ' ಅಂತ ನಮ್ಮತ್ತೆ ಹೇಳುತ್ತಿದ್ದರು. ಕೋಕೋದಲ್ಲಿ ಆಕ್ಸಲೇಟ್ ಅನ್ನುವ ಸಸ್ಯಜನ್ಯ ಅಂಶ ಇರುವುದು ನಿಜ, ಅದು ಕ್ಯಾಲ್ಸಿಯಂಗೆ ಅಂಟಿಕೊಳ್ಳುವುದೂ ನಿಜ. ಆದರೆ ಒಂದು ಬಾಟಲಿಗೆ ಬೀಳುವ ಕೋಕೋ ಪುಡಿ ತುಂಬ ಕಡಿಮೆ. ಅದರಿಂದ ಆಗುವ ನಷ್ಟ ತಲೆ ಕೆಡಿಸಿಕೊಳ್ಳುವಷ್ಟಿಲ್ಲ. ತಿಂಗಳುಗಟ್ಟಲೆ ಕೆಡದೆ ಇರುವುದಕ್ಕೂ ಹೆದರಬೇಕಿಲ್ಲ. ಜಾಸ್ತಿ ಶಾಖದಲ್ಲಿ ಕಾಯಿಸಿ, ಗಾಳಿ ಹೋಗದ ಹಾಗೆ ಮುಚ್ಚಿರುತ್ತಾರೆ. ಕೆಲವು ಬಿ ವಿಟಮಿನ್‌ಗಳು ಸ್ವಲ್ಪ ಕಡಿಮೆಯಾಗುತ್ತವೆ, ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಹಾಗೇ ಉಳಿಯುತ್ತವೆ. ಲೇಬಲ್ ಮೇಲೆ ಐಎನ್ಎಸ್ 407 ಅನ್ನುವ ಸೇರ್ಪಡೆ ಪದಾರ್ಥದ ಸಂಖ್ಯೆ ಕಂಡರೆ ಅದು ಕ್ಯಾರಗೀನನ್, ಕಡಲಪಾಚಿಯಿಂದ ತೆಗೆದದ್ದು. ಕೋಕೋ ತಳ ಹಿಡಿಯದಂತೆ ನೋಡಿಕೊಳ್ಳುತ್ತದೆ.

ಇನ್ನು ಸಕ್ಕರೆ. ನನ್ನ ತಕರಾರು ಪೂರ್ತಿ ಇಲ್ಲೇ ಇದೆ.

ಈಗ ಮನೆಯಲ್ಲಿರುವ ಬಾಟಲಿಯ ಲೇಬಲ್ ನೋಡಿ ಬರೆಯುತ್ತಿದ್ದೇನೆ. 100 ಮಿಲಿಗೆ ಒಟ್ಟು ಸಕ್ಕರೆ 12 ಗ್ರಾಂ, ಸೇರಿಸಿದ ಸಕ್ಕರೆ 7 ಗ್ರಾಂ. ಈ ಎರಡು ಸಾಲನ್ನು ಬೇರೆ ಬೇರೆಯಾಗಿ ಓದಬೇಕು. ನಡುವಿನ 5 ಗ್ರಾಂ ಲ್ಯಾಕ್ಟೋಸ್, ಅಂದ್ರೆ ಹಾಲಿನದೇ ಸಿಹಿ. ಅದು ಬಿಳಿ ಹಾಲಿನಲ್ಲೂ ಇರುತ್ತದೆ, ಅದಕ್ಕೆ ಬೈಯುವುದು ಬೇಡ. ಲೆಕ್ಕಕ್ಕೆ ಹಿಡಿಯಬೇಕಾದ್ದು ಆ 7 ಗ್ರಾಂ. ಬಾಟಲಿ ಪೂರ್ತಿ ಕುಡಿದರೆ 14 ಗ್ರಾಂ, ಅಂದ್ರೆ ಮೂರೂವರೆ ಟೀ ಚಮಚ.

ಪಕ್ಕದಲ್ಲೇ, ಒಂದು ಬಾಟಲಿಯ ಸೇರಿಸಿದ ಸಕ್ಕರೆ ದಿನದ ಲೆಕ್ಕದಲ್ಲಿ ಎಷ್ಟು ಪಾಲು ಅನ್ನುವ ಶೇಕಡಾವೂ ಇದೆ: 28. ನೋಡಿದ ತಕ್ಷಣ 'ಪರವಾಗಿಲ್ವಲ್ಲ' ಅನಿಸುತ್ತದೆ. ಆದರೆ ಅದು ಯಾರ ಲೆಕ್ಕ? ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್ಎಸ್ಎಸ್ಎಐನ 2020ರ ಲೇಬಲ್ ನಿಯಮದಲ್ಲಿ ಈ ಶೇಕಡಾವನ್ನು ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ, 50 ಗ್ರಾಂ ಸೇರಿಸಿದ ಸಕ್ಕರೆಯ ಮೇಲೆ ಕಟ್ಟುತ್ತಾರೆ. ಅದು ದೊಡ್ಡವರ ಊಟದ ಅಳತೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಮಕ್ಕಳಿಗೆ ಹೇಳುವುದು ದಿನಕ್ಕೆ 25 ಗ್ರಾಂಗಿಂತ ಕಡಿಮೆ. ಆ ಲೆಕ್ಕ ಹಿಡಿದರೆ ಅದೇ ಬಾಟಲಿ ನನ್ನ ಮಗಳಿಗೆ ಶೇಕಡಾ 56 ಆಗುತ್ತದೆ! ಬಾಟಲಿ ಮೇಲೆ ಮಕ್ಕಳ ಕಾರ್ಟೂನ್, ಹಿಂದೆ ದೊಡ್ಡವರ ಶೇಕಡಾ. ಇದು ನನಗೆ ನಿಜವಾಗಿಯೂ ಬೇಜಾರು ತರಿಸುವ ವಿಷಯ. ನಿಯಮ ಮುರಿದಿಲ್ಲ, ಒಪ್ಪುತ್ತೇನೆ. ಆದರೆ ಓದುವ ತಾಯಂದಿರಿಗೆ ಅದು ತಿಳಿಯಬೇಕಲ್ವಾ? ಅಮೆರಿಕದ ಶಾಲೆಗಳಲ್ಲಿ 2025ರ ಜುಲೈನಿಂದ ಇಂಥ ಹಾಲಿಗೆ ಮಿತಿ ಇಟ್ಟಿದ್ದಾರೆ: ಸುಮಾರು 240 ಮಿಲಿಗೆ ಸೇರಿಸಿದ ಸಕ್ಕರೆ 10 ಗ್ರಾಂ ದಾಟುವಂತಿಲ್ಲ. ನಮ್ಮ ಬಾಟಲಿ ಅದಕ್ಕಿಂತ ಚಿಕ್ಕದು, ಸಕ್ಕರೆ ಮಾತ್ರ ಜಾಸ್ತಿ.

ಆಟ ಆಡಿ ಬಂದವರಿಗೆ ಲೆಕ್ಕ ಬೇರೆ. 2006ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಒಂಬತ್ತು ಜನ ಸೈಕಲ್ ಸವಾರರ ಮೇಲೆ ಪರೀಕ್ಷೆ ಮಾಡಿದ್ದರು. ದಣಿವಾರಿಸುವ ಕ್ರೀಡಾ ಪಾನೀಯಗಳ ಎದುರು ಚಾಕೊಲೇಟ್ ಹಾಲು ಹಿಂದೆ ಬೀಳಲಿಲ್ಲ. ಒಂಬತ್ತೇ ಜನ, ಡೈರಿಯವರ ಸಂಸ್ಥೆಯ ಹಣದ ನೆರವೂ ಇತ್ತು, ಹಾಗಾಗಿ ಅದನ್ನೇ ವೇದವಾಕ್ಯ ಮಾಡಿಕೊಳ್ಳಬೇಡಿ. ಆದರೂ ಮೈ ಬೆವರಿಳಿಸಿದ ಮೇಲೆ ಪ್ರೋಟೀನ್, ಸಕ್ಕರೆ, ನೀರು ಮೂರೂ ಒಟ್ಟಿಗೆ ಬೇಕು, ಅದು ಇದರಲ್ಲಿದೆ. ಗಟ್ಟಿಯಾಗಿ ಆಡಿದ ದಿನ ನಾನು ಈಗಲೂ ಖುಷಿಯಿಂದ ಕುಡಿಯುತ್ತೇನೆ. ಸುಮ್ನೆ ಕುಳಿತು ಟಿವಿ ನೋಡುವ ಸಂಜೆಗೆ ಇದು ಬೇಡ.

ಕೊಳ್ಳುವಾಗ ನಾನು ನೋಡುವುದು ಎರಡು. ಪದಾರ್ಥಗಳ ಪಟ್ಟಿಯನ್ನು ತೂಕದ ಪ್ರಕಾರ, ಜಾಸ್ತಿ ಇರುವುದನ್ನು ಮೊದಲು ಬರೆದಿರುತ್ತಾರೆ. ಹಾಲು ಮೊದಲಿರಬೇಕು. ಪ್ರೋಟೀನ್ 100 ಮಿಲಿಗೆ 3 ಗ್ರಾಂ ಹತ್ತಿರ ಇರಬೇಕು. 2 ಗ್ರಾಂಗೂ ಕೆಳಗಿದ್ದರೆ ನೀರಿಗೆ ದುಡ್ಡು ಕೊಟ್ಟ ಹಾಗೆ, ವಾಪಸ್ ಇಟ್ಟುಬಿಡಿ.

ಮಗಳಿಗೆ ದಿನವೂ ಕೊಡುವುದನ್ನು ಈಗ ಮನೆಯಲ್ಲೇ ಮಾಡುತ್ತೇನೆ. 200 ಮಿಲಿ ಟೋನ್ಡ್ ಹಾಲು, ಒಂದು ಚಮಚ ಸಿಹಿಯಿಲ್ಲದ ಕೋಕೋ ಪುಡಿ, ಒಂದು ಚಮಚ ಸಕ್ಕರೆ. ಕೋಕೋವನ್ನು ಸ್ವಲ್ಪ ಬಿಸಿ ಹಾಲಿನಲ್ಲಿ ಮೊದಲು ಪೇಸ್ಟ್ ಮಾಡಿಕೊಂಡರೆ ಗಂಟು ಕಟ್ಟುವುದಿಲ್ಲ. ಸೇರಿಸಿದ ಸಕ್ಕರೆ 14ರಿಂದ 4 ಗ್ರಾಂಗೆ ಇಳಿಯಿತು, ಪ್ರೋಟೀನ್ ಅಷ್ಟೇ ಇದೆ. ನಮ್ಮ ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲೇ ಕೋಕೋ ಬೆಳೆಯುತ್ತಾರೆ, ಪುತ್ತೂರಿನಲ್ಲಿ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಚಾಕೊಲೇಟ್ ಕಾರ್ಖಾನೆ 1986ರಿಂದ ಇದೆ. ಅಲ್ಲಿನ ಕೋಕೋ ಅಂದ್ರೆ ನನಗೆ ಒಂದು ಪ್ರೀತಿ ಜಾಸ್ತಿ. ಬೆಲ್ಲ ಹಾಕುವವರು ಒಲೆ ಆರಿಸಿದ ಮೇಲೆ ಹಾಕಿ, ಇಲ್ಲದಿದ್ದರೆ ಹಾಲು ಒಡೆಯಬಹುದು. ಬೆಲ್ಲವೂ ಸೇರಿಸಿದ ಸಕ್ಕರೆಯ ಲೆಕ್ಕಕ್ಕೇ ಬರುತ್ತದೆ, ಅದು ನೆನಪಿರಲಿ. ಮೊದಮೊದಲು ಮಗಳು 'ಅಮ್ಮಾ, ಸಪ್ಪೆ' ಅಂದಳು. ಆಗ ಅರ್ಧ ಬಾಟಲಿ ಹಾಲಿಗೆ ಅರ್ಧ ಬಿಳಿ ಹಾಲು ಬೆರೆಸಿ ಕೊಡುತ್ತಾ ಬಂದೆ. ನಿಧಾನಕ್ಕೆ ನಾಲಿಗೆ ಒಗ್ಗಿಕೊಂಡಿತು.

ನನ್ನ ರೇಟಿಂಗ್: ಆಟದ ನಂತರಕ್ಕೆ 5ಕ್ಕೆ 4. ಮಕ್ಕಳ ದಿನನಿತ್ಯದ ಹಾಲಿನ ಬದಲಿಗೆ 5ಕ್ಕೆ 2. ಎರಡು ವರ್ಷ ತುಂಬದ ಮಗುವಿಗೆ ಸೇರಿಸಿದ ಸಕ್ಕರೆಯೇ ಬೇಡ ಅನ್ನುತ್ತಾರೆ, ಆದ್ದರಿಂದ ಅಷ್ಟು ಚಿಕ್ಕವರಿಗೆ ಇದನ್ನು ಕೊಡಬೇಡಿ.