ಫೋನಿನ ಪರದೆ ಟ್ಯಾಬ್‌ನಲ್ಲಿ: ಭಜನೆಗೆ ಯಾವುದು ಸರಿಹೋಯಿತು?

ಫೋನಿನ ಪರದೆಯನ್ನು ಬೇರೆ ಸಾಧನದಲ್ಲಿ ತೋರಿಸಲು ಕಾಸ್ಟ್ ಒತ್ತಿದರೆ ಪಕ್ಕದ ಮನೆಯ ಟಿವಿ ಹೆಸರೂ ಬರುತ್ತದೆ, ಎದುರಿಗಿರುವ ನಮ್ಮದೇ ಟ್ಯಾಬ್ ಬರುವುದಿಲ್ಲ. ವೈರಿಲ್ಲದೆ ಪರದೆ ಕಳಿಸಲು 2012ರಲ್ಲಿ ಬಂದ ಮಿರಾಕಾಸ್ಟ್ ವಿಧಾನದಲ್ಲಿ ಕಳಿಸುವ ಸಾಧನ ಬೇರೆ, ಪಡೆಯುವ ಸಾಧನ ಬೇರೆ. ಟಿವಿ ಪಡೆಯುತ್ತದೆ. ಹೆಚ್ಚಿನ ಆಂಡ್ರಾಯ್ಡ್ ಟ್ಯಾಬ್‌ಗಳಿಗೆ ಕಳಿಸುವುದಷ್ಟೇ ಗೊತ್ತು. ಆಪಲ್‌ನವರ ಇಂಥದ್ದೇ ವಿಧಾನವಾದ ಏರ್‌ಪ್ಲೇ ವಿಷಯದಲ್ಲಿ ಐಪ್ಯಾಡ್ ಕಥೆಯೂ ಅದೇ. ಕೇಬಲ್ ಹಾಕಿದರೆ ಸಾಮಾನ್ಯವಾಗಿ ಚಾರ್ಜ್ ಆಗುತ್ತದೆ, ಚಿತ್ರ ಬರುವುದಿಲ್ಲ.

ಫೋನಿನ ಪರದೆ ಟ್ಯಾಬ್‌ನಲ್ಲಿ ಕಾಣುವುದು ನನಗೆ ಬೇಕಾಗಿದ್ದು ಮುಂಬೈಯ ಗೋರೆಗಾಂವ್‌ನಲ್ಲಿ ನಾವು ನಡೆಸುವ ಭಜನೆಗೆ. ಪದ ಎತ್ತುವವರ ಫೋನಿನಲ್ಲಿ ದಾಸರ ಪದಗಳ ಪಿಡಿಎಫ್ ಇರುತ್ತದೆ. ಹಿಂದೆ ಕೂತವರಿಗೆ ಅಷ್ಟು ಸಣ್ಣ ಅಕ್ಷರ ಕಾಣುವುದಿಲ್ಲ. ಪಿಡಿಎಫ್ ಅನ್ನೇ ಟ್ಯಾಬ್‌ಗೆ ಹಾಕಬಹುದಲ್ವಾ ಅಂತ ಕೇಳುತ್ತೀರಿ. ಹಾಕಬಹುದು. ಆದರೆ ಮುಂದಿನ ಪದ ಯಾವುದು ಅಂತ ಎತ್ತುವವರಿಗೂ ಎತ್ತುವ ತನಕ ಗೊತ್ತಿರುವುದಿಲ್ಲ! ಅವರು ಪುಟ ಸರಿಸಿದಾಗ ಟ್ಯಾಬ್‌ನಲ್ಲೂ ಸರಿಯಬೇಕು. ಹಾಲ್‌ನಲ್ಲಿ ವೈಫೈ ಇಲ್ಲ, ಮೊಬೈಲ್ ನೆಟ್ ಕಿಟಕಿ ಹತ್ತಿರ ಮಾತ್ರ.

ಮೊದಲು ಹಾಕಿ ನೋಡಿದ್ದು ಸ್ಯಾಮ್‌ಸಂಗ್ ಫ್ಲೋ ಆಪ್. ಫೋನ್, ಟ್ಯಾಬ್ ಎರಡೂ ಗ್ಯಾಲಕ್ಸಿ ಆಗಿದ್ದರೆ ಇದಕ್ಕಿಂತ ಚೆಂದದ್ದು ನಾನು ನೋಡಿಲ್ಲ. ಚಿತ್ರ ಸ್ವಚ್ಛ, ಟ್ಯಾಬ್ ಮೇಲೆ ಬೆರಳಾಡಿಸಿ ಫೋನನ್ನೇ ನಡೆಸಬಹುದು. ಆದರೆ ನಮ್ಮಲ್ಲಿ ಪದ ಎತ್ತುವವರು ವಾರಕ್ಕೊಬ್ಬರು, ಫೋನ್ ಕಂಪನಿಯೂ ವಾರಕ್ಕೊಂದು. ಹಾಗಾಗಿ ಇದು ಮನೆಯಲ್ಲೇ ಉಳಿಯಿತು.

ವಾಟ್ಸಾಪ್ ವಿಡಿಯೋ ಕಾಲ್‌ನಲ್ಲಿ 2023ರಿಂದ ಸ್ಕ್ರೀನ್ ಶೇರ್ ಇದೆ. ಎಲ್ಲರಿಗೂ ಗೊತ್ತಿರುವ ಆಪ್, ಹೇಳಿಕೊಡುವ ಕೆಲಸ ಕಡಿಮೆ. ಆದರೆ ಒಂದೇ ಕೋಣೆಯ ಎರಡು ಸಾಧನಗಳ ನಡುವಿನ ಮಾತಿಗೂ ನೆಟ್ ಬೇಕು. ಸಿಗ್ನಲ್ ಇಳಿದರೆ ಯಾವ ವಿಡಿಯೋ ಕಾಲ್ ಆದರೂ ಚಿತ್ರವನ್ನು ಮಂಕು ಮಾಡುತ್ತದೆ. ಮುಖವಾದರೆ ಪರವಾಗಿಲ್ಲ, ಕನ್ನಡದ ಒತ್ತಕ್ಷರ ಹಾಗಾದರೆ ಓದುವುದು ಹೇಗೆ? ಬೇರೆ ಊರಲ್ಲಿರುವ ಅಮ್ಮನಿಗೆ ಸೆಟ್ಟಿಂಗ್ಸ್ ತೋರಿಸಿಕೊಡಲು ನಾನು ಈಗಲೂ ಇದನ್ನೇ ಬಳಸುತ್ತೇನೆ.

ಪುಕ್ಕಟೆ ಅಂತ ಇನ್ನೊಂದು ಆಪ್ ಹಾಕಿದೆ. ಲಾಗಿನ್ ಕೇಳಿತು, ಪದದ ನಡುವೆ ಜಾಹೀರಾತು ತಂದಿತು. ತೆಗೆದು ಹಾಕಿದೆ.

ಕೊನೆಗೆ ನಿಂತಿದ್ದು ಸ್ಕ್ರೀನ್‌ಸ್ಟ್ರೀಮ್. ಆಂಡ್ರಾಯ್ಡ್ ಫೋನಿಗಿರುವ ಓಪನ್ ಸೋರ್ಸ್ ಆಪ್. ಟ್ಯಾಬ್‌ನಲ್ಲಿ ಏನೂ ಹಾಕಬೇಕಿಲ್ಲ, ಬ್ರೌಸರ್ ಸಾಕು. ಫೋನಿನಲ್ಲೇ ಹಾಟ್‌ಸ್ಪಾಟ್ ಹಚ್ಚಿ, ಟ್ಯಾಬನ್ನು ಅದಕ್ಕೆ ಸೇರಿಸಿ, ಆಪ್‌ನಲ್ಲಿ ಲೋಕಲ್ ಮೋಡ್ ಶುರು ಮಾಡಿದರೆ 192ರಿಂದಲೋ 10ರಿಂದಲೋ ಶುರುವಾಗಿ 8080ಕ್ಕೆ ಮುಗಿಯುವ ವಿಳಾಸ ಬರುತ್ತದೆ. ಅದನ್ನು ಬ್ರೌಸರ್‌ನಲ್ಲಿ ಹಾಕಿದರೆ ಆಯಿತು. ಇಂಟರ್ನೆಟ್ ಬೇಕೇ ಇಲ್ಲ. 'ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲ' ಅಂತ ಟ್ಯಾಬ್ ತಕರಾರು ತೆಗೆಯುತ್ತದೆ, ಆದರೂ ಸೇರಿಕೊಂಡೇ ಇರು ಅನ್ನಬೇಕು. ಹಾಟ್‌ಸ್ಪಾಟ್ ವಿಳಾಸ ಬದಲಾಗುತ್ತಾ ಇರುತ್ತದೆ, ಬರೆದಿಟ್ಟು ಪ್ರಯೋಜನವಿಲ್ಲ. ಕ್ಯೂಆರ್ ಕೋಡ್ ಇದೆ, ಅದೇ ಸಲೀಸು. ಹಳೆಯ ಐಪ್ಯಾಡ್‌ನಲ್ಲೂ, ಪಕ್ಕದವರ ಫೋನಿನಲ್ಲೂ ಅದೇ ಪುಟ ತೆರೆಯಬಹುದು.

ಕೊರತೆ ಇಲ್ಲದಿಲ್ಲ. ಲೋಕಲ್ ಮೋಡ್ ಬಿಡಿ ಬಿಡಿ ಚಿತ್ರಗಳನ್ನು ಒಂದರ ಹಿಂದೆ ಒಂದು ಕಳಿಸುತ್ತದೆ. ಅರ್ಧ, ಒಂದು ಸೆಕೆಂಡ್ ಹಿಂದೆ ಬೀಳುತ್ತದೆ. ಗೇಮ್ ಆಡುವವರು ಇತ್ತ ತಲೆ ಹಾಕಬೇಡಿ. ಧ್ವನಿಯೂ ಹೋಗುವುದಿಲ್ಲ. ನಮಗೆ ಅದೇ ಒಳ್ಳೆಯದಾಯಿತು, ಶ್ರುತಿ ಆಪ್ ಫೋನಿನಿಂದ ಮಾತ್ರ ಕೇಳಿಸುತ್ತದೆ.

ಆಪ್ ಯಾವುದಾದರೂ ಇರಲಿ, ಒಂದು ಲೆಕ್ಕ ಮಾತ್ರ ತಪ್ಪಿಸಿಕೊಳ್ಳಲಾಗದು. ಆರೂವರೆ ಇಂಚಿನ ಫೋನಿನ ಪರದೆ ಸುಮಾರು 15 ಸೆಂ.ಮೀ. ಎತ್ತರ. ಹತ್ತು ಇಂಚಿನ ಟ್ಯಾಬನ್ನು ಅಡ್ಡ ಇಟ್ಟರೆ ಅದರ ಎತ್ತರ ಹದಿಮೂರೂವರೆ. ಅಂದರೆ ಫೋನ್ ನೆಟ್ಟಗೆ ಹಿಡಿದರೆ ಟ್ಯಾಬ್‌ನಲ್ಲಿ ಎರಡೂ ಕಡೆ ಕಪ್ಪು ಪಟ್ಟಿ, ನಡುವೆ ಫೋನಿಗಿಂತ ಸಣ್ಣ ಅಕ್ಷರ! ಟ್ಯಾಬನ್ನು ನೆಟ್ಟಗೆ ನಿಲ್ಲಿಸಿದರೆ ಸುಮಾರು ಒಂದೂವರೆ ಪಟ್ಟು ದೊಡ್ಡದಾಗುತ್ತದೆ. ಎರಡನ್ನೂ ಅಡ್ಡ ಮಾಡಿ, ಪಿಡಿಎಫ್ ಅನ್ನು ಅಗಲಕ್ಕೆ ತುಂಬಿಸಿದರೆ ಒಂದು ಸಲಕ್ಕೆ ಕಾಣುವುದು ಕೆಲವೇ ಸಾಲು, ಆದರೆ ಕನ್ನಡಕ ಹಾಕದವರೂ ಓದುತ್ತಾರೆ. ಪಲ್ಲವಿಗೆ ವಾಪಸ್ ಬರುವಾಗ ಮೇಲಕ್ಕೆ ಸರಿಸಬೇಕು, ಅಷ್ಟೇ.

ಶುರು ಮಾಡುವ ಮೊದಲು ಡು ನಾಟ್ ಡಿಸ್ಟರ್ಬ್ ಹಾಕಿಕೊಳ್ಳಿ. ಇಲ್ಲದಿದ್ದರೆ ಚರಣದ ಮೇಲೆ 'ಬರುವಾಗ ಕೊತ್ತಂಬರಿ ತಾ' ಅಂತ ಮೂಡುತ್ತದೆ, ಎಲ್ಲರೂ ಓದುತ್ತಾರೆ. ಆಂಡ್ರಾಯ್ಡ್ 15 ಇದ್ದರೆ ಪರದೆ ಹಂಚುವಾಗ ಒಟಿಪಿಯಂಥದ್ದನ್ನು ಅದೇ ಮುಚ್ಚಿಡುತ್ತದೆ. ಕೊತ್ತಂಬರಿಗೆ ಆ ಸವಲತ್ತಿಲ್ಲ. ಹಾಟ್‌ಸ್ಪಾಟ್ ಜೊತೆ ಸ್ಕ್ರೀನ್‌ಸ್ಟ್ರೀಮ್ ಕೂಡ ಓಡುವಾಗ ಫೋನ್ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಮಂಗಳಾರತಿ ತನಕ ಬರಬೇಕಾದರೆ ಪವರ್ ಬ್ಯಾಂಕ್ ಬೇಕೇ ಬೇಕು.