ಓರಲ್ ಸರ್ಜರಿ, ಓರಲ್ ಮೆಡಿಸಿನ್ ರಿವಿಜನ್‌ಗೆ ಆಂಕಿ: ಥರ್ಡ್ ಇಯರ್‌ನಿಂದ ಇಂಟರ್ನ್‌ಶಿಪ್‌ವರೆಗೆ ಬಳಸಿದ ಮೇಲೆ

ಬಿಡಿಎಸ್ (ದಂತವೈದ್ಯಕೀಯ ಪದವಿ) ಮೂರನೇ ವರ್ಷದಲ್ಲಿ ಹಾಕಿಕೊಂಡ, ಪ್ರಶ್ನೋತ್ತರ ಕಾರ್ಡ್‌ಗಳಿಂದ ಓದು ನೆನಪಿಸುವ ಆಂಕಿ ಆ್ಯಪ್ ಇಂಟರ್ನ್‌ಶಿಪ್‌ನಲ್ಲೂ ನನ್ನ ಫೋನ್‌ನಲ್ಲಿದೆ. ಕಲಬುರಗಿಯಲ್ಲಿ ಓದುತ್ತಿರುವ ಜೂನಿಯರ್‌ಗಳು "ಹಾಕ್ಕೋಬೇಕಾ ಅಕ್ಕಾ?" ಅಂತ ಕೇಳುತ್ತಲೇ ಇರುತ್ತಾರೆ. ಖಂಡಿತ ಹಾಕಿಕೊಳ್ಳಿ. ಆದರೆ ಕಾರ್ಡ್‌ಗಳನ್ನು ನೀವೇ ಮಾಡಿಕೊಳ್ಳಿ.

ಕಾರ್ಡಿನ ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ. ಉತ್ತರ ನೋಡಿ ಅಗೇನ್, ಹಾರ್ಡ್, ಗುಡ್, ಈಜಿಗಳಲ್ಲಿ ಒಂದನ್ನು ಒತ್ತಿದರೆ ಅದು ಮತ್ತೆ ಯಾವಾಗ ಬರಬೇಕೆಂದು ಆ್ಯಪ್ಪೇ ಲೆಕ್ಕ ಹಾಕುತ್ತದೆ. ಕಂಪ್ಯೂಟರ್, ಆಂಡ್ರಾಯ್ಡ್‌ನಲ್ಲಿ ಉಚಿತ, ಐಫೋನ್‌ಗೆ ದುಡ್ಡು ಕೊಡಬೇಕು. ನೆಟ್ ಇಲ್ಲದೆಯೂ ನಡೆಯುವುದರಿಂದ ಸೇಡಂ, ಆಳಂದದಿಂದ ಬಸ್ಸಿನಲ್ಲಿ ಓಡಾಡುವವರಿಗೆ ದಾರಿಯಲ್ಲೇ ಅರ್ಧ ಓದು ಮುಗಿಯುತ್ತದೆ.

ಮೊದಲು ಯಾರೋ ಮಾಡಿಟ್ಟ ಡೆಕ್ (ಕಾರ್ಡ್‌ಗಳ ಕಟ್ಟು) ಒಂದನ್ನು ಇಳಿಸಿಕೊಂಡಿದ್ದೆ. ಅದರಲ್ಲಿ ಬಾಯಿ ಮರಗಟ್ಟಿಸುವ ಔಷಧಿ ಲಿಗ್ನೊಕೇನ್ ಜೊತೆಗಿನ ಅಡ್ರಿನಾಲಿನ್ ಪ್ರಮಾಣ 1:1,00,000 ಅಂತಿತ್ತು. ನಮ್ಮ ಕ್ಲಿನಿಕ್‌ಗಳಲ್ಲಿ ಸಾಮಾನ್ಯವಾಗಿ ಕೈಗೆ ಬರುವುದು 2% ಲಿಗ್ನೊಕೇನ್, 1:80,000. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳುವುದೂ ಅದನ್ನೇ. 2% ಅಂದರೆ ಒಂದು ಮಿಲಿಯಲ್ಲಿ 20 ಮಿಲಿಗ್ರಾಂ ಎಂಬ ಲೆಕ್ಕವನ್ನು ಸ್ವಂತ ಕಾರ್ಡ್ ಮಾಡಿದ ಮೇಲೆ ಮರೆತೇ ಇಲ್ಲ.

ಕ್ಲಿನಿಕ್ಕಿನಿಂದ ಹುಟ್ಟಿದ ಕಾರ್ಡ್ ತಲೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಓಪಿಡಿಗೆ ಗುಟ್ಕಾ ಚಟದ ಕಾಕಾ ಒಬ್ಬರು ಬಂದಿದ್ದರು. "ಶೇಂಗಾ ಹಿಂಡಿ ಹಚ್ಕೊಂಡ್ರ ಬಾಯಿ ಉರೀತದ್ರಿ, ರೊಟ್ಟಿ ತುತ್ತ ಒಳಗ ಹೋಗಲ್ರಿ" ಅಂದರು. ಆ ಮಾತನ್ನೇ ಪ್ರಶ್ನೆಯಾಗಿ ಬರೆದೆ. ಉತ್ತರದ ಬದಿಯಲ್ಲಿ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ (ಬಾಯಿಯ ಒಳಭಾಗ ಬಿಗಿಯಾಗುವ ರೋಗ): ಮುಖ್ಯ ಕಾರಣ ಅಡಿಕೆ, ಬಿಳಿಚಿದ ಮ್ಯೂಕೋಸಾ (ಬಾಯಿಯ ಒಳಪದರ), ಕೆನ್ನೆಯೊಳಗೆ ಬೆರಳಿಗೆ ಸಿಗುವ ಉದ್ದುದ್ದ ಗಟ್ಟಿ ಪಟ್ಟಿಯಂಥ ಬ್ಯಾಂಡ್‌ಗಳು, ಮೇಲಿನ ಕೆಳಗಿನ ಬಾಚಿಹಲ್ಲುಗಳ ನಡುವೆ ಸ್ಕೇಲ್ ಇಟ್ಟು ಬಾಯಿ ಎಷ್ಟು ತೆರೆಯುತ್ತದೆಂದು ಅಳೆಯುವುದು, ಕ್ಯಾನ್ಸರ್‌ಗೆ ತಿರುಗುವ ಅಪಾಯ. ಅದರ ಪಕ್ಕದಲ್ಲೇ ಇನ್ನೊಂದು ಕಾರ್ಡ್: ಗಾಜ್‌ನಿಂದ ಉಜ್ಜಿದರೆ ಹೋಗುವ ಬಿಳಿ ಪದರ ಕ್ಯಾಂಡಿಡಿಯಾಸಿಸ್ (ಶಿಲೀಂಧ್ರ ಸೋಂಕು), ಹೋಗದಿದ್ದರೆ ಲ್ಯೂಕೋಪ್ಲೇಕಿಯಾ, ಲೈಕೆನ್ ಪ್ಲಾನಸ್ ಎಂಬ ಬಾಯಿ ರೋಗಗಳ ಕಡೆ ಯೋಚಿಸಬೇಕು. ನಮ್ಮ ಭಾಗದ ಓಪಿಡಿಯಲ್ಲಿ ಇವನ್ನು ಕಣ್ಣಾರೆ ನೋಡುವ ಅವಕಾಶ ಬೇಕಾದಷ್ಟಿದೆ. ಅದನ್ನು ಬಿಟ್ಟು ಸಿದ್ಧ ಡೆಕ್ ತಿರುವುವುದು ನನಗಂತೂ ಸರಿ ಕಾಣುವುದಿಲ್ಲ.

ನನಗೆ ಅತಿ ಇಷ್ಟವಾದದ್ದು ಆಂಕಿಯ ಇಮೇಜ್ ಅಕ್ಲೂಷನ್, ಅಂದರೆ ಚಿತ್ರದ ಭಾಗ ಮುಚ್ಚಿ ಕೇಳುವ ಕಾರ್ಡ್. ಇಂಪ್ಯಾಕ್ಟೆಡ್ ಥರ್ಡ್ ಮೋಲಾರ್‌ನ (ಪೂರ್ತಿ ಹೊರಬರದೆ ಸಿಕ್ಕಿಕೊಂಡ ಬುದ್ಧಿಹಲ್ಲಿನ) ಎಕ್ಸ್‌ರೇ ಮೇಲೆ, ತೆಗೆಯುವುದು ಎಷ್ಟು ಕಷ್ಟವೆಂದು ಅಂದಾಜಿಸುವ ವಿಂಟರ್ಸ್ ಲೈನ್‌ಗಳನ್ನು ಎಳೆದು ಒಂದೊಂದನ್ನೇ ಮುಚ್ಚಿಡಬಹುದು. ಬಿಳಿ ಗೆರೆ, ಅಂಬರ್ ಗೆರೆ, ಅಂಬರ್‌ನಿಂದ ಎಲಿವೇಟರ್ (ಹಲ್ಲು ಮೀಟುವ ಉಪಕರಣ) ಇಡುವ ಜಾಗಕ್ಕೆ ಇಳಿಯುವ ಕೆಂಪು ಗೆರೆ. ಕೆಂಪು ಗೆರೆ 5 ಮಿ.ಮೀ. ದಾಟಿದರೆ ಹಲ್ಲು ತೆಗೆಯುವುದು ಕಷ್ಟ ಎಂಬುದನ್ನು ಬಾಯಿಪಾಠ ಮಾಡಿದ್ದಕ್ಕಿಂತ ಹೀಗೆ ನೋಡಿ ಕಲಿತದ್ದೇ ಚೆನ್ನಾಗಿ ಉಳಿಯಿತು.

ಲಾಂಗ್ ಎಸ್ಸೇಗೆ ಮಾತ್ರ ಇದೊಂದನ್ನೇ ನಂಬಬೇಡಿ. ಲುಡ್ವಿಗ್ಸ್ ಆಂಜೈನಾದಲ್ಲಿ (ದವಡೆಯ ಕೆಳಗೆ ಹರಡುವ ತೀವ್ರ ಸೋಂಕು) ಯಾವ ಯಾವ ಸ್ಪೇಸ್‌ಗಳಿಗೆ ಸೋಂಕು ತಗಲುತ್ತದೆಂದು ಕಾರ್ಡ್ ನೆನಪಿಸುತ್ತದೆ. ಮೊದಲು ಉಸಿರಾಟದ ದಾರಿ ಕಾಪಾಡಿ, ಆಮೇಲೆ ಕೀವು ತೆಗೆದು ಆಂಟಿಬಯಾಟಿಕ್‌ವರೆಗೆ ಕ್ರಮವಾಗಿ ಬರೆಯುವುದಕ್ಕೆ ಪೆನ್ನು ಹಿಡಿದೇ ಅಭ್ಯಾಸ ಮಾಡಬೇಕು. ಪೋಸ್ಟಿಂಗ್ ನಡುವೆ ನಾಲ್ಕು ದಿನ ಬಿಟ್ಟರೆ ಕಾರ್ಡ್‌ಗಳು ರಾಶಿ ಬೀಳುತ್ತವೆ, ಹಾಗಾಗಿ ದಿನದ ಹೊಸ ಕಾರ್ಡ್ ಮಿತಿಯನ್ನು ಕಡಿಮೆಯೇ ಇಟ್ಟುಕೊಳ್ಳಿ.

ರೋಗಿಯ ಫೋಟೊ, ಎಕ್ಸ್‌ರೇ ಹಾಕುವ ಮುಂಚೆ ಅವರ ಒಪ್ಪಿಗೆ ಪಡೆಯಿರಿ. ಹೆಸರು, ಓಪಿಡಿ ನಂಬರ್ ಅಳಿಸಿ. ಡೆಕ್ ಅನ್ನು ಗೆಳೆಯರಿಗೆ ಕಳಿಸುವವರಂತೂ ಇದನ್ನು ಮರೆಯಲೇಬಾರದು.